ಬಣ್ಣ ನೋಡಿ ಬರೋಲೊದ ಆಯಸ್ಸು ಅಳೆಯಬೇಡಿ

ಬರೋಲೊವನ್ನು ಮೊದಲ ಸಲ ಗ್ಲಾಸಿಗೆ ಬಗ್ಗಿಸಿದಾಗ ಹಲವರಿಗೆ ಅನುಮಾನ ಬರುತ್ತದೆ. ಇಷ್ಟು ಹೆಸರು ಮಾಡಿದ ಕೆಂಪು ವೈನಿಗೆ ಇಷ್ಟು ತೆಳು ಬಣ್ಣವೇ? ಗ್ಲಾಸಿನ ಹಿಂದೆ ಹಿಡಿದ ಬೆರಳು ಕಾಣುತ್ತದೆ. ಐದಾರು ವರ್ಷದ ಬಾಟಲಿಯಲ್ಲೇ ಅಂಚಿನಲ್ಲಿ ಇಟ್ಟಿಗೆ ಬಣ್ಣ ಇಣುಕುತ್ತಿರುತ್ತದೆ. ಬೇರೆ ಕೆಂಪು ವೈನಿನಲ್ಲಿ ಇದು ಕಂಡರೆ ‘ಮುದಿಯಾಯಿತು’ ಎನ್ನಬಹುದು. ಇಲ್ಲಿ ಹಾಗೆನ್ನುವ ಮೊದಲು ಒಂದು ಗುಟುಕು ಕುಡಿಯಬೇಕು. ಒಸಡು ಬಿಗಿಯುತ್ತದೆ, ನಾಲಿಗೆ ಒಣಗುತ್ತದೆ, ಹಿಂದೆಯೇ ಹುಳಿ ಬಂದು ಬಾಯಲ್ಲಿ ಮತ್ತೆ ನೀರೂರಿಸುತ್ತದೆ. ಬರೋಲೊದ ಆಯಸ್ಸು ಅಡಗಿರುವುದು ಈ ಒಗರು ಮತ್ತು ಹುಳಿಯಲ್ಲಿ.

ಹಾಗೆಂದು ಒಗರು ಜಾಸ್ತಿ ಇದ್ದ ಬಾಟಲಿಯೆಲ್ಲ ಮೂವತ್ತು ವರ್ಷ ಬಾಳುತ್ತದೆ ಎಂದುಕೊಂಡರೆ ಅದೂ ತಪ್ಪೇ. ‘ಈಗ ಕುಡಿಯಲಾಗದಷ್ಟು ಬಿಗಿ, ಹಾಗಾದರೆ ಇಡಲು ಒಳ್ಳೆಯದು’ ಎಂಬ ಮಾತು ವೈನ್ ಅಂಗಡಿಗಳಲ್ಲಿ ಧಾರಾಳವಾಗಿ ಕೇಳಿಬರುತ್ತದೆ. ನಂಬಬೇಡಿ. ಕಾಯಿಯ ಒಗರು ಎಷ್ಟು ವರ್ಷ ಇಟ್ಟರೂ ಕಾಯಿಯ ಒಗರೇ. ಹಣ್ಣಿನ ರುಚಿ ಒಂದು ಕಡೆಯಿಂದ ಸೋರಿಹೋಗುತ್ತದೆ, ಒಗರು ಮಾತ್ರ ಮರದ ಪುಡಿಯಂತೆ ಉಳಿಯುತ್ತದೆ. ಒಗರು ಹಣ್ಣಾಗಬೇಕಾದದ್ದು ಬಳ್ಳಿಯ ಮೇಲೆ. ಅಲ್ಲಿ ಹಣ್ಣಾಗದ್ದು ನೆಲಮಾಳಿಗೆಯಲ್ಲಿ ಮಾಗುವುದಿಲ್ಲ.

ಜಾಗ ದೊಡ್ಡದೇನಲ್ಲ. ವಾಯವ್ಯ ಇಟಲಿಯ ಪೀಡ್‌ಮಾಂಟ್ ಪ್ರಾಂತ್ಯದಲ್ಲಿ, ಆಲ್ಬಾ ಪಟ್ಟಣದಿಂದ ನೈಋತ್ಯಕ್ಕೆ ಹಬ್ಬಿರುವ ಲಾಂಗೆ ಗುಡ್ಡಗಳಲ್ಲಿ 11 ಊರುಗಳು. ಬರೋಲೊ, ಕಾಸ್ತಿಲ್ಯೋನೆ ಫಲ್ಲೆತ್ತೊ, ಸೆರ್ರಾಲುಂಗಾ ದಾಲ್ಬಾ ಪೂರ್ತಿಯಾಗಿ ಸೇರುತ್ತವೆ. ಲಾ ಮೋರ್ರಾ, ಮಾಂಫೋರ್ತೆ, ವೆರ್ದೂನೊ, ನೊವೆಲ್ಲೊ ಮುಂತಾದ ಉಳಿದವು ಭಾಗಶಃ. ಒಟ್ಟು ತೋಟ ಎರಡು ಸಾವಿರ ಹೆಕ್ಟೇರಿಗಿಂತ ಸ್ವಲ್ಪ ಹೆಚ್ಚು. ವೈನಿನ ಊರು ಮತ್ತು ನಿಯಮಗಳಿಗೆ ಇಟಲಿ ಕೊಡುವ ಡಿಒಸಿ ಮಾನ್ಯತೆ 1966ರಲ್ಲಿ, ಅದಕ್ಕೂ ಮೇಲಿನ ಡಿಒಸಿಜಿ 1980ರಲ್ಲಿ ಬಂತು. ನೆಬ್ಬಿಯೋಲೊ ಬಿಟ್ಟು ಬೇರೆ ದ್ರಾಕ್ಷಿಯ ಒಂದು ಹನಿಯೂ ಸೇರುವಂತಿಲ್ಲ. ತೋಟ ಸಮುದ್ರಮಟ್ಟದಿಂದ 170 ಮತ್ತು 540 ಮೀಟರ್ ನಡುವೆ ಇರಬೇಕು, ಕಣಿವೆಯ ತಳ ಸಲ್ಲದು, ನೇರ ಉತ್ತರಕ್ಕೆ ಮುಖ ಮಾಡಿದ ಇಳಿಜಾರೂ ಸಲ್ಲದು. ಹೆಕ್ಟೇರಿಗೆ ಗರಿಷ್ಠ 8 ಟನ್ ದ್ರಾಕ್ಷಿ, ಅದರಿಂದ 54.4 ಹೆಕ್ಟೋಲೀಟರ್ ವೈನ್. ಬಾಟಲಿ ಲೆಕ್ಕದಲ್ಲಿ ಸುಮಾರು 7,250.

ಉತ್ತರದ ಇಳಿಜಾರನ್ನು ಯಾಕೆ ಬಿಟ್ಟರು ಎನ್ನುವುದು ನೆಬ್ಬಿಯೋಲೊ ಬಳ್ಳಿಯ ಹಟ ಗೊತ್ತಾದರೆ ಅರ್ಥವಾಗುತ್ತದೆ. ಇದು ಎಲ್ಲರಿಗಿಂತ ಮೊದಲು ಚಿಗುರಿ, ಎಲ್ಲರಿಗಿಂತ ಕೊನೆಗೆ ಹಣ್ಣಾಗುವ ಬಳ್ಳಿ. ಏಪ್ರಿಲ್ ಹೊತ್ತಿಗೆ ಚಿಗುರು ಹೊರಬಂದಿರುತ್ತದೆ, ಹಾಗಾಗಿ ಕೊನೆಯ ಹಿಮದ ಹೊಡೆತಕ್ಕೆ ಸಿಗುತ್ತದೆ. ಅಲ್ಲಿನ ಇತರ ಕೆಂಪು ತಳಿಗಳಾದ ಡೊಲ್ಚೆತ್ತೊ ಸೆಪ್ಟೆಂಬರಿನಲ್ಲೇ ಕೊಯ್ಲಾಗಿ, ಅದರ ಹಿಂದೆ ಬಾರ್ಬೇರಾ ಮುಗಿದರೂ ಇದು ಅಕ್ಟೋಬರ್ ತನಕ ಕಾಯಿಸುತ್ತದೆ, ಹಾಗಾಗಿ ಶರತ್ಕಾಲದ ಮಳೆಗೂ ಸಿಗುತ್ತದೆ. ಎರಡೂ ಕಡೆಯಿಂದ ಅಪಾಯ. ಬಿಸಿಲು ಚೆನ್ನಾಗಿ ಬೀಳುವ ಮಗ್ಗುಲನ್ನು ಬಿಟ್ಟು ಬೇರೆಲ್ಲಿ ನೆಟ್ಟರೂ ಹಣ್ಣು ಪೂರ್ತಿಯಾಗುವುದು ಅನುಮಾನ. ಚಳಿಗಾಲದಲ್ಲಿ ಹಿಮ ಮೊದಲು ಕರಗುವ ಜಾಗ ನೋಡಿ ನೆಬ್ಬಿಯೋಲೊ ನೆಡಬೇಕು ಎಂಬುದು ಅಲ್ಲಿನ ಹಳಬರ ಲೆಕ್ಕ. ಉಪಕರಣವೇ ಬೇಡದ ಪರೀಕ್ಷೆ, ಇವತ್ತಿಗೂ ಸುಳ್ಳಾಗಿಲ್ಲ.

ಚಾಟನಿಯಲ್ಲೂ, ಅಂದರೆ ಕಡ್ಡಿ ಸವರುವುದರಲ್ಲೂ, ಇದರದ್ದು ಬೇರೆಯೇ ದಾರಿ. ಕಡ್ಡಿಯ ಬುಡದ ಎರಡು ಮೂರು ಕಣ್ಣುಗಳಲ್ಲಿ ಸಾಮಾನ್ಯವಾಗಿ ಗೊಂಚಲು ಬರುವುದೇ ಇಲ್ಲ. ಬೇರೆ ತಳಿಗಳಂತೆ ಎರಡು ಕಣ್ಣು ಬಿಟ್ಟು ಗಿಡ್ಡ ಸವರಿದರೆ ಆ ವರ್ಷ ಬರೀ ಎಲೆ. ಅದಕ್ಕೇ ಲಾಂಗೆಯಲ್ಲಿ ಗುಯೋ ಪದ್ಧತಿ: ಎಂಟು ಹತ್ತು ಕಣ್ಣಿರುವ ಒಂದು ಉದ್ದ ಕಡ್ಡಿಯನ್ನು ತಂತಿಗೆ ಬಾಗಿಸಿ ಕಟ್ಟುತ್ತಾರೆ, ಮುಂದಿನ ವರ್ಷಕ್ಕೆಂದು ಒಂದು ಗಿಡ್ಡ ಕಡ್ಡಿ ಉಳಿಸುತ್ತಾರೆ. ಬೇಸಿಗೆಯಲ್ಲಿ ಹೆಚ್ಚಾದ ಗೊಂಚಲನ್ನು ಕತ್ತರಿಸಿ ನೆಲಕ್ಕೆ ಹಾಕುತ್ತಾರೆ. ನೆಬ್ಬಿಯೋಲೊ ಗೊಂಚಲು ಉದ್ದ, ಪಕ್ಕದಲ್ಲಿ ರೆಕ್ಕೆಯಂತೆ ಕವಲು ಬೇರೆ; ತುದಿಯ ಕಾಯಿ ಬುಡದ ಕಾಯಿಗಿಂತ ಹಿಂದೆ ಬೀಳುತ್ತದೆ. ಅದಕ್ಕೆ ಕೆಲವರು ತುದಿಯನ್ನೂ ರೆಕ್ಕೆಯನ್ನೂ ಚಿವುಟುತ್ತಾರೆ. ಗೊಂಚಲಿನ ಸುತ್ತ ಎಲೆ ತೆಗೆಯುವಾಗ ಬೆಳಗಿನ ಬಿಸಿಲು ಬೀಳುವ ಬದಿಯನ್ನಷ್ಟೇ ಬಿಡಿಸಬೇಕು. ಸಿಪ್ಪೆ ತೆಳು. ಆಗಸ್ಟಿನ ಮಧ್ಯಾಹ್ನದ ಬಿಸಿಲು ನೇರ ಬಿದ್ದರೆ ಕಾಯಿ ಸುಟ್ಟು ಕಂದಾಗುತ್ತದೆ, ಆ ಕಹಿ ವೈನಿನ ತನಕ ಬರುತ್ತದೆ.

ನೆಬ್ಬಿಯೋಲೊ ಎಂಬ ಹೆಸರನ್ನು ‘ನೆಬ್ಬಿಯಾ’, ಅಂದರೆ ಮಂಜು, ಎಂಬ ಪದಕ್ಕೆ ಜೋಡಿಸುವುದು ರೂಢಿ. ಕೊಯ್ಲಿನ ಕಾಲದ ಮಂಜೋ, ಹಣ್ಣಿನ ಮೇಲಿನ ಬೂದಿ ಬಣ್ಣದ ಧೂಳಿನಂಥ ಪದರವೋ, ಜಗಳ ಇನ್ನೂ ಮುಗಿದಿಲ್ಲ. ಮಂಜಿನ ಕೆಲಸ ಮಾತ್ರ ನಿಜ. ಅಕ್ಟೋಬರ್ ಬೆಳಿಗ್ಗೆ ತಾನರೊ ನದಿಯ ಕಡೆಯಿಂದ ಕಣಿವೆಗಳಲ್ಲಿ ಮಂಜು ತುಂಬಿ ನಿಂತಿರುತ್ತದೆ, ಗುಡ್ಡದ ಮೇಲ್ಭಾಗ ದ್ವೀಪದಂತೆ ಬಿಸಿಲಲ್ಲಿರುತ್ತದೆ. ತಣ್ಣನೆ ಗಾಳಿ ಭಾರ, ಅದು ರಾತ್ರಿ ಕೆಳಕ್ಕಿಳಿದು ಕಣಿವೆಯ ತಳದಲ್ಲಿ ಕೂರುತ್ತದೆ. ಗುಡ್ಡದ ತುದಿಯಲ್ಲಿ ಗಾಳಿ ಹೆಚ್ಚು. ಹಾಗಾಗಿ ಹಳೆಯ ಹೆಸರುವಾಸಿ ತೋಟಗಳು ಬಹುಪಾಲು ಇಳಿಜಾರಿನ ನಡುಮಟ್ಟದಲ್ಲಿ, ದಕ್ಷಿಣಕ್ಕೋ ನೈಋತ್ಯಕ್ಕೋ ಮುಖ ಮಾಡಿ ಕೂತಿವೆ. ಹಗಲು ಬೆಚ್ಚಗೆ, ರಾತ್ರಿ ಆಲ್ಪ್ಸ್ ಕಡೆಯ ತಂಪು. ಹಗಲಿನ ಬಿಸಿ ಸಕ್ಕರೆ ಕಟ್ಟುತ್ತದೆ, ರಾತ್ರಿಯ ತಂಪು ಹುಳಿಯನ್ನು ಉಳಿಸುತ್ತದೆ. ಈ ಎರಡರ ನಡುವೆ ಸಿಗುವ ಎರಡು ಮೂರು ವಾರಗಳಲ್ಲೇ ಸಿಪ್ಪೆ, ಬೀಜಗಳ ಒಗರು ಹದಕ್ಕೆ ಬರುತ್ತದೆ.

ಮಣ್ಣಿನ ವಿಷಯಕ್ಕೆ ಬಂದರೆ ಪುಸ್ತಕಗಳು ಒಂದು ಗೆರೆ ಎಳೆದು ಮುಗಿಸುತ್ತವೆ: ಪಶ್ಚಿಮದ ಲಾ ಮೋರ್ರಾ, ಬರೋಲೊ ಕಡೆ ನೀಲಿ-ಬೂದು ಬಣ್ಣದ ಸುಣ್ಣಮಿಶ್ರಿತ ಜೇಡಿ, ಅಲ್ಲಿಯದು ಬೇಗ ಬಿಚ್ಚಿಕೊಳ್ಳುವ, ಗುಲಾಬಿ ಸುವಾಸನೆಯ ವೈನ್, ಪೂರ್ವದ ಸೆರ್ರಾಲುಂಗಾ ಕಡೆ ಮರಳುಗಲ್ಲು ಮತ್ತು ಜೇಡಿಯ ಪದರಗಳಿರುವ ಬಡ ಮಣ್ಣು, ಅಲ್ಲಿಯದು ಬಿಗಿ, ನಿಧಾನ. ಎರಡೂ ಒಂದು ಕಾಲದಲ್ಲಿ ಕಡಲತಳವಾಗಿದ್ದ ನೆಲವೇ. ಮೇಲೆದ್ದ ಪದರಗಳ ವಯಸ್ಸು ಬೇರೆ, ಪಶ್ಚಿಮದ್ದು ಎಳೆಯದು. ಗೆರೆ ಒರಟಾದರೂ ಉಪಯೋಗಕ್ಕೆ ಬರುತ್ತದೆ. ಸುಣ್ಣ ಹೆಚ್ಚಿರುವ ಬಡ ಮಣ್ಣಿನಲ್ಲಿ ಬಳ್ಳಿ ಸೊಕ್ಕುವುದಿಲ್ಲ, ಕಾಯಿ ಸಣ್ಣದು. ರಸಕ್ಕೆ ಹೋಲಿಸಿದರೆ ಸಿಪ್ಪೆ ಹೆಚ್ಚು, ಆದ್ದರಿಂದ ಒಗರು ಹೆಚ್ಚು. ಜೇಡಿ ಹೆಚ್ಚಿದ್ದಲ್ಲಿ ನೀರು ನಿಲ್ಲುತ್ತದೆ, ಬರದ ವರ್ಷದಲ್ಲಿ ಅದೇ ಕಾಪಾಡುತ್ತದೆ. ಆದರೆ ಬುಡದ ಮಣ್ಣೊಂದೇ ನೋಡಿ ತೀರ್ಮಾನಿಸಿದರೆ ಮೋಸ ಹೋಗುತ್ತೀರಿ. ಬರೋಲೊ ಊರಿನ ಕಾನ್ನೂಬಿ ಗುಡ್ಡ ಎರಡೂ ಬಗೆಯ ಮಣ್ಣು ಸೇರುವ ಜಾಗ. ಕಾಸ್ತಿಲ್ಯೋನೆ ಫಲ್ಲೆತ್ತೊದಲ್ಲಿ ಮರಳು ಜಾಸ್ತಿ. 2010ರಲ್ಲಿ ತೋಟಗಳ ಗಡಿಯನ್ನು ಅಧಿಕೃತವಾಗಿ ಗುರುತಿಸಿ 181 ಹೆಸರುಗಳ ಪಟ್ಟಿ ಮಾಡಿದರು. ಅದರಲ್ಲಿ 11 ಊರಿನ ಹೆಸರು, ಉಳಿದವು ತೋಟದ ಹೆಸರು. ಲೇಬಲಿನ ಮೇಲೆ ಬ್ರುನಾತೆ, ವಿನ್ಯಾ ರಿಯೊಂದಾ, ಮಾನ್‌ವಿಲ್ಯೇರೊ ಎಂದೆಲ್ಲ ಕಾಣುವುದು ಇದೇ. ಪಟ್ಟಿ ದರ್ಜೆಯನ್ನು ಹೇಳುವುದಿಲ್ಲ, ಜಾಗವನ್ನು ಹೇಳುತ್ತದೆ. ‘ಬುಸ್ಸಿಯಾ’ ಎಂಬ ಒಂದೇ ಹೆಸರಿನೊಳಗೆ ಹಲವು ಇಳಿಜಾರು, ಹಲವು ದಿಕ್ಕು ಸೇರಿಹೋಗಿವೆ.

ಕೊಯ್ಲಿನ ದಿನ ನಿರ್ಧರಿಸುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಸಕ್ಕರೆ ಅಳೆಯುವ ಉಪಕರಣ 24 ಬ್ರಿಕ್ಸ್, ಅಂದರೆ ರಸದಲ್ಲಿ ಸುಮಾರು 24 ಶೇಕಡಾ ಸಕ್ಕರೆ, ತೋರಿಸಿದರೆ ಸುಮಾರು 14 ಶೇಕಡಾ ಮದ್ಯಸಾರ ಸಿಗುತ್ತದೆ, ಕಾಗದದ ಮೇಲೆ ಅದು ಸಾಕು. ಆದರೆ ಒಂದು ಕಾಯಿ ಬಾಯಿಗೆ ಹಾಕಿ ಬೀಜವನ್ನು ಉಗುಳಿ ನೋಡಬೇಕು. ಬೀಜ ಹಸಿರಾಗಿದ್ದರೆ, ಅದರ ಮೈಗೆ ಲೋಳೆ ಅಂಟಿದ್ದರೆ ಕೊಯ್ಯಬಾರದು. ಕಂದು ಬಣ್ಣ ಬಂದು ಹಲ್ಲಿಗೆ ಕಟುಂ ಎನ್ನಬೇಕು, ಹುರಿದ ಬೀಜದ ರುಚಿ ಇರಬೇಕು, ಹಸಿ ಕಹಿ ಇರಬಾರದು. ಸಿಪ್ಪೆಯನ್ನು ಹತ್ತು ಹದಿನೈದು ಸಲ ಅಗಿದಾಗ ಬಾಯಿ ಕಟ್ಟಬಾರದು. ಬಿಸಿ ವರ್ಷಗಳ ತೊಂದರೆ ಇಲ್ಲೇ. ಸಕ್ಕರೆ ಓಡುತ್ತದೆ, ಒಗರು ಹಿಂದೆ ಬೀಳುತ್ತದೆ. ನೀರಿಲ್ಲದೆ ಬಳ್ಳಿ ಕೆಲಸ ನಿಲ್ಲಿಸಿದರೆ ಒಗರು ಅಲ್ಲಿಗೇ ಸ್ತಬ್ಧ. ಕಾದರೆ ಮದ್ಯಸಾರ 15 ದಾಟುತ್ತದೆ, ಹುಳಿ ಇಳಿಯುತ್ತದೆ. ಕಾಯದಿದ್ದರೆ ಕಾಯಿ ಒಗರು. 2003ರ ಅನೇಕ ಬಾಟಲಿಗಳಲ್ಲಿ ಈ ಇಕ್ಕಟ್ಟು ಇವತ್ತಿಗೂ ರುಚಿಗೆ ಸಿಗುತ್ತದೆ: ಮೊದಲಿಗೆ ಒಣಹಣ್ಣಿನ ಸಿಹಿ, ಕೊನೆಗೆ ಒರಟು. 2010, 2013, 2016 ಇದಕ್ಕೆ ವಿರುದ್ಧ. ಬೇಸಿಗೆ ಅತಿಯಾಗಲಿಲ್ಲ, ಶರತ್ಕಾಲ ದೀರ್ಘವಾಗಿ ತಂಪಾಗಿತ್ತು, ಕೊಯ್ಲು ಅಕ್ಟೋಬರಿನ ಒಳಕ್ಕೆ ಹೋಯಿತು. ಇಡಲು ಬಾಟಲಿ ಹುಡುಕುವವರು ಈ ಮೂರರಲ್ಲಿ ಕಣ್ಣುಮುಚ್ಚಿ ಹುಡುಕಬಹುದು.

ವರ್ಷ ಕೆಟ್ಟದ್ದಾದರೂ ಎಲ್ಲರಿಗೂ ಕೆಟ್ಟದ್ದೇ ಆಗಬೇಕೆಂದಿಲ್ಲ. 2002ರ ಬೇಸಿಗೆ ಮಳೆಯಲ್ಲೇ ಹೋಯಿತು, ಸೆಪ್ಟೆಂಬರ್ ಆರಂಭದ ಆಲಿಕಲ್ಲು ಬರೋಲೊ, ಲಾ ಮೋರ್ರಾ ಸುತ್ತಲಿನ ತೋಟಗಳನ್ನು ಹೊಡೆದುಹಾಕಿತು. ಎಷ್ಟೋ ಜನ ಆ ವರ್ಷ ಬರೋಲೊ ಮಾಡಲೇ ಇಲ್ಲ. ಸೆರ್ರಾಲುಂಗಾದ ಫ್ರಾಂಚಾ ತೋಟದಿಂದ ಜಾಕೊಮೊ ಕಾಂತೆರ್ನೊ ಮನೆತನವಾದರೋ ತನ್ನ ಅತ್ಯುನ್ನತ ವೈನ್ ಮಾಂಫೋರ್ತಿನೊ ಮಾಡಿತು. ಗುಡ್ಡ ಬದಲಾದರೆ ವರ್ಷವೂ ಬದಲು.

ಇನ್ನು ನೆಲಮಾಳಿಗೆ. 19ನೇ ಶತಮಾನದ ಮೊದಲ ಭಾಗದವರೆಗೂ ಇಲ್ಲಿನ ನೆಬ್ಬಿಯೋಲೊ ವೈನ್ ಬಹುಪಾಲು ಸಿಹಿಯಾಗಿಯೇ ಉಳಿಯುತ್ತಿತ್ತು. ತಡವಾದ ಕೊಯ್ಲು, ಅದರ ಬೆನ್ನಿಗೇ ಚಳಿ; ಸಕ್ಕರೆ ಮುಗಿಯುವ ಮೊದಲೇ ಈಸ್ಟ್ ಮರಗಟ್ಟಿ ನಿಲ್ಲುತ್ತಿತ್ತು. ಗ್ರಿಂಜಾನೆಯ ಮೇಯರ್ ಆಗಿದ್ದ ಕಮಿಲ್ಲೊ ಕಾವೂರ್, ಬರೋಲೊದ ಜಮೀನುದಾರ ಮನೆತನದ ಮಾರ್ಕೇಸಾ (ಶ್ರೀಮಂತ ಪದವಿ) ಜೂಲಿಯಾ ಕೋಲ್ಬರ್ಟ್ ಫಲ್ಲೆತ್ತಿ ಅವರ ಕಾಲದಲ್ಲಿ ಸಕ್ಕರೆ ಪೂರ್ತಿ ಮುಗಿಸಿದ ವೈನ್ ನೆಲೆಗೊಂಡಿತು.

ಸಾಂಪ್ರದಾಯಿಕ ಕ್ರಮ ಹೀಗೆ. ತೊಟ್ಟು ಬೇರ್ಪಡಿಸಿ, ಕಾಯಿ ಲಘುವಾಗಿ ಒಡೆದು ತೊಟ್ಟಿಗೆ ತುಂಬುತ್ತಾರೆ. ಹುದುಗು 28ರಿಂದ 32 ಡಿಗ್ರಿಯಲ್ಲಿ ನಡೆಯುತ್ತದೆ. ಮೇಲೆ ತೇಲಿಬರುವ ಸಿಪ್ಪೆಯ ಗಟ್ಟಿ ಪದರದ ಮೇಲೆ ದಿನಕ್ಕೆ ಎರಡು ಮೂರು ಸಲ ಕೆಳಗಿನ ರಸವನ್ನು ಪಂಪಿನಿಂದ ಎತ್ತಿ ಸುರಿಯುತ್ತಾರೆ. ಇದನ್ನು ತಪ್ಪಿಸಿದರೆ ಪದರದ ಮೇಲ್ಮೈ ಒಣಗಿ, ಅಸಿಟಿಕ್ ಬ್ಯಾಕ್ಟೀರಿಯಾ ಹತ್ತಿ, ವಿನೆಗರ್ ವಾಸನೆ ಶುರು. ಹತ್ತು ಹದಿನೈದು ದಿನಕ್ಕೆ ಅಬ್ಬರ ಇಳಿದ ಮೇಲೆ ತೊಟ್ಟಿಯನ್ನು ಬಾಯಿತನಕ ತುಂಬಿಸಿ, ಬಾಯಿಯ ಕೆಳಗೆ ಮರದ ಪಟ್ಟಿಗಳನ್ನು ಅಡ್ಡ ಸಿಕ್ಕಿಸುತ್ತಾರೆ. ಸಿಪ್ಪೆ ಮೇಲೇಳಲಾರದೆ ವೈನಿನೊಳಗೇ ಮುಳುಗಿರುತ್ತದೆ. ‘ಮುಳುಗಿದ ಟೋಪಿ’ ಎಂದೇ ಅದರ ಇಟಾಲಿಯನ್ ಹೆಸರು. ಹೀಗೆ ಇನ್ನೂ ಮೂರು ನಾಲ್ಕು ವಾರ, ಕೆಲವರಲ್ಲಿ ಒಟ್ಟು ಎರಡು ತಿಂಗಳು. ಇಷ್ಟು ದಿನ ನೆನೆದರೆ ಒಗರು ಏರುತ್ತಲೇ ಹೋಗಬೇಕಲ್ಲ ಎನಿಸುತ್ತದೆ. ಏರಿದ ಒಗರಿನ ಒಂದಷ್ಟು ಪಾಲು ಒಂದಕ್ಕೊಂದು ಹೆಣೆದುಕೊಂಡು, ಸಿಪ್ಪೆಗೂ ಅಂಟಿಕೊಂಡು, ಬಾಯಿಗೆ ಮೆತ್ತಗಾಗುತ್ತದೆ. ಆದರೆ ಬೀಜ ಹಸಿರಿದ್ದ ವರ್ಷ ಈ ಆಟ ನಡೆಯುವುದಿಲ್ಲ. ಮದ್ಯಸಾರ ಬೀಜದ ಕಹಿಯನ್ನು ಎಳೆದುಹಾಕುತ್ತದೆ. ಅಂಥ ವರ್ಷ ಎರಡು ವಾರಕ್ಕೇ ಸಿಪ್ಪೆಯಿಂದ ಬೇರ್ಪಡಿಸುವವನೇ ಜಾಣ.

ಬಣ್ಣದ ಗುಟ್ಟೂ ಇಲ್ಲಿದೆ. ಬಣ್ಣದ ಕಣ ನೀರಿನಲ್ಲಿ ಕರಗುವಂಥದ್ದು, ಮೊದಲ ದಿನಗಳಲ್ಲೇ ಹೊರಬರುತ್ತದೆ. ಒಗರು, ಅದರಲ್ಲೂ ಬೀಜದ್ದು, ಮದ್ಯಸಾರ ಏರಿದ ಮೇಲೆ ಬರುತ್ತದೆ. ನೆಬ್ಬಿಯೋಲೊದಲ್ಲಿ ಹೆಚ್ಚಿರುವ ಪಿಯೋನಿಡಿನ್, ಸಯನಿಡಿನ್ ಕಣಗಳು ಗಾಳಿಗೆ ಬೇಗ ಸೋಲುತ್ತವೆ. ಕಡು ಬಣ್ಣದ ತಳಿಗಳಲ್ಲಿ ಮೇಲುಗೈಯಾಗಿರುವ ಮಾಲ್ವಿಡಿನ್‌ನಷ್ಟು ಗಟ್ಟಿ ಅಲ್ಲ. ಒಗರು ಬಂದು ಹಿಡಿದುಕೊಳ್ಳುವಷ್ಟರಲ್ಲಿ ಅರ್ಧ ಬಣ್ಣ ಕಳೆದಿರುತ್ತದೆ. ಆದ್ದರಿಂದ ಎಳೆ ಬರೋಲೊ ಮಸಿಯಂತೆ ಕಪ್ಪಾಗಿ ಕಂಡರೆ ಸಂತೋಷಪಡುವ ಬದಲು ಸ್ವಲ್ಪ ಅನುಮಾನಪಡುವುದೇ ಸರಿ.

ಕಾನೂನಿನ ಪ್ರಕಾರ ಕೊಯ್ಲಿನ ವರ್ಷದ ನವೆಂಬರ್ 1ರಿಂದ 38 ತಿಂಗಳು ಇಡಬೇಕು, ಅದರಲ್ಲಿ 18 ತಿಂಗಳು ಮರದಲ್ಲಿ. ರಿಸೆರ್ವಾ ಎನ್ನಬೇಕಾದರೆ 62 ತಿಂಗಳು. ರಿಸೆರ್ವಾ ಎಂದರೆ ಹೆಚ್ಚು ಕಾಲ ಇಟ್ಟದ್ದು, ಅಷ್ಟೇ. ಹೆಚ್ಚು ಒಳ್ಳೆಯದು ಎಂದು ಕಾನೂನು ಎಲ್ಲೂ ಹೇಳಿಲ್ಲ. ಹಳೆಯ ಪದ್ಧತಿಯವರು 20ರಿಂದ 60 ಹೆಕ್ಟೋಲೀಟರಿನ, ಕೆಲವೆಡೆ ಇನ್ನೂ ದೊಡ್ಡ, ಕ್ರೊಯೇಷಿಯಾದ ಸ್ಲಾವೋನಿಯಾ ಓಕ್ ಪೀಪಾಯಿ ಬಳಸುತ್ತಾರೆ. 1980ರ ದಶಕದಲ್ಲಿ ಒಂದು ಗುಂಪು 225 ಲೀಟರಿನ ಬ್ಯಾರಿಕ್ ಎಂಬ ಚಿಕ್ಕ ಫ್ರೆಂಚ್ ಪೀಪಾಯಿ ತಂದಿತು, ನೆನೆಸುವ ದಿನಗಳನ್ನು ವಾರಕ್ಕಿಳಿಸಿತು. ಅದು ದೊಡ್ಡ ಜಗಳವೇ ಆಯಿತು. ಹಳೆಯ ಪದ್ಧತಿಯ ವೈನ್ ತಯಾರಕ ಬರ್ತೊಲೊ ಮಸ್ಕರೆಲ್ಲೊ, ಇಟಲಿಯ ರಾಜಕಾರಣಿ ಬರ್ಲುಸ್ಕೋನಿಯನ್ನೂ ಸೇರಿಸಿ, ‘ಬ್ಯಾರಿಕ್ ಬೇಡ, ಬರ್ಲುಸ್ಕೋನಿ ಬೇಡ’ ಎಂದು ಲೇಬಲಿನ ಮೇಲೇ ಬರೆದರು. ಲೆಕ್ಕ ಸರಳ: ಪೀಪಾಯಿ ಚಿಕ್ಕದಾದಷ್ಟೂ ಪ್ರತಿ ಲೀಟರಿಗೆ ತಾಗುವ ಮರ ಹೆಚ್ಚು, ಒಳನುಸುಳುವ ಆಮ್ಲಜನಕ ಹೆಚ್ಚು. ಹೊಸ ಮರ ವನಿಲ್ಲಾ ಪರಿಮಳದ ಜೊತೆಗೆ ತನ್ನದೇ ಒಗರನ್ನೂ ಕೊಡುತ್ತದೆ. ನೆಬ್ಬಿಯೋಲೊಗೆ ಒಗರು ಕಡಿಮೆಯೇ ಹೊರಗಿನಿಂದ ತರಲು? ಇಂದು ಹಳೆಯ ಗುಂಪಿನವರು ತಾಪಮಾನ ಹತೋಟಿ, ನೈರ್ಮಲ್ಯ ಕಲಿತಿದ್ದಾರೆ, ಹೊಸ ಗುಂಪಿನ ಹಲವರು ದೊಡ್ಡ ಪೀಪಾಯಿಗೆ ಮರಳಿದ್ದಾರೆ.

ಬಾಟಲಿಯೊಳಗೆ ನಡೆಯುವುದು ಇದು: ಒಗರಿನ ಸಣ್ಣ ಸಣ್ಣ ಕಣಗಳು ಬಣ್ಣದ ಕಣಗಳೊಡನೆ, ತಮ್ಮತಮ್ಮಲ್ಲೇ ಕೂಡಿಕೊಂಡು ಸರಪಳಿಯಾಗಿ, ಭಾರವಾದದ್ದು ಗಸಿಯಾಗಿ ತಳಕ್ಕಿಳಿಯುತ್ತದೆ. ಬಾಯಿಗೆ ಬಿಗಿ ಕಡಿಮೆಯಾಗುತ್ತದೆ. ಗುಲಾಬಿ, ಚೆರ್ರಿ ಹಿಂದೆ ಸರಿದು ಟಾರು, ಚರ್ಮ, ತಂಬಾಕು, ಒದ್ದೆ ಕಾಡಿನ ನೆಲದ ವಾಸನೆ ಮುಂದೆ ಬರುತ್ತವೆ. ನಡುವೆ ಒಂದು ಮೂಕ ಕಾಲ ಇರುತ್ತದೆ, ಸಾಮಾನ್ಯವಾಗಿ ಐದರಿಂದ ಹತ್ತನೇ ವರ್ಷದೊಳಗೆ. ಆಗ ತೆರೆದರೆ ಪರಿಮಳವೂ ಇಲ್ಲ, ಬರೀ ಬಿಗಿ. ಒಳ್ಳೆಯ ವರ್ಷದ ಲಾ ಮೋರ್ರಾ ಬಾಟಲಿಯನ್ನು ಹತ್ತನೇ ವರ್ಷದಿಂದ, ಸೆರ್ರಾಲುಂಗಾದ್ದನ್ನು ಹದಿನೈದರ ನಂತರ ತೆರೆಯುವುದು ಒಂದು ಒರಟು ಅಂದಾಜು.

ಇಡುವ ಜಾಗ 12ರಿಂದ 14 ಡಿಗ್ರಿ ಇರಲಿ. ಅದಕ್ಕಿಂತ ಮುಖ್ಯ ಏರಿಳಿತ ಇಲ್ಲದಿರುವುದು. ಬಿಸಿಗೆ ವೈನ್ ಹಿಗ್ಗಿ ಕಾರ್ಕನ್ನು ತಳ್ಳುತ್ತದೆ, ತಂಪಾದಾಗ ಕುಗ್ಗಿ ಗಾಳಿ ಎಳೆದುಕೊಳ್ಳುತ್ತದೆ. ತೇವ 60ರಿಂದ 75 ಶೇಕಡಾ, ಬಾಟಲಿ ಅಡ್ಡ, ಬೆಳಕು ಬೇಡ. ಹಳೆಯ ಬಾಟಲಿ ಕೊಳ್ಳುವಾಗ ವೈನಿನ ಮಟ್ಟ ನೋಡಿ. ಇಪ್ಪತ್ತು ವರ್ಷದ್ದರಲ್ಲಿ ಕತ್ತಿನೊಳಗೇ ಇರಬೇಕು; ಭುಜದ ಕೆಳಗೆ ಇಳಿದಿದ್ದರೆ ಬಿಟ್ಟುಬಿಡಿ. ಕಾರ್ಕ್ ಮೇಲಕ್ಕೆ ಉಬ್ಬಿದ್ದರೆ, ಮುಚ್ಚಳದ ಸುತ್ತ ಅಂಟು ಕಲೆ ಇದ್ದರೆ ಬಿಸಿಲು ಕಂಡ ಬಾಟಲಿ ಅದು.

ತೆರೆಯುವ ವಿಧಾನ ವಯಸ್ಸಿನ ಮೇಲೆ. ಹತ್ತು ವರ್ಷದೊಳಗಿನದಾದರೆ ಅಗಲ ತಳದ ಡಿಕ್ಯಾಂಟರ್ ಎಂಬ ಗಾಜಿನ ಹೂಜಿಗೆ ಸುರಿದು ಎರಡರಿಂದ ನಾಲ್ಕು ಗಂಟೆ ಬಿಡಿ. 16ರಿಂದ 18 ಡಿಗ್ರಿಯಲ್ಲಿ, ಹೊಟ್ಟೆ ದೊಡ್ಡದಿರುವ ಗ್ಲಾಸಿನಲ್ಲಿ ಕುಡಿಯಿರಿ. ಹೆಚ್ಚು ತಂಪಾದರೆ ಒಗರು ಇನ್ನಷ್ಟು ಕಚ್ಚುತ್ತದೆ, 20 ದಾಟಿದರೆ ಮದ್ಯಸಾರ ಮೂಗಿಗೆ ಹೊಡೆಯುತ್ತದೆ. ಇಪ್ಪತ್ತೈದು ದಾಟಿದ ಬಾಟಲಿಗೆ ಬೇರೆ ಮರ್ಯಾದೆ. ನೆಬ್ಬಿಯೋಲೊ ಗಸಿ ಹಿಟ್ಟಿನಷ್ಟು ನುಣುಪು, ಸ್ವಲ್ಪ ಅಲುಗಿದರೂ ವೈನ್ ಕದಡಿ ಕಹಿಯಾಗುತ್ತದೆ. ಮೂರು ದಿನ ಮೊದಲೇ ನೆಟ್ಟಗೆ ನಿಲ್ಲಿಸಿ. ವಾರವಾದರೆ ಇನ್ನೂ ಒಳ್ಳೆಯದು. ಹಳೆಯ ಕಾರ್ಕಿಗೆ ಸುರುಳಿ ಹಾಕಿದರೆ ನಡುವೆ ಪುಡಿಯಾಗುತ್ತದೆ, ಎರಡು ತೆಳು ಅಲಗಿನ ಓಪನರ್ ಬಳಸಿ: ಅಲಗುಗಳನ್ನು ಕಾರ್ಕಿನ ಎರಡು ಬದಿಗೆ ಸರದಿಯಂತೆ ಒತ್ತುತ್ತ ಇಳಿಸಿ, ತಿರುಗಿಸುತ್ತ ನಿಧಾನಕ್ಕೆ ಎಳೆಯಿರಿ. ಒಂದು ಗುಟುಕು ತೆಗೆದು ರುಚಿ ನೋಡಿ. ಒದ್ದೆ ರಟ್ಟಿನ ವಾಸನೆ ಇದ್ದರೆ ಕಾರ್ಕ್ ಕೆಟ್ಟದ್ದು, ಅದು ಗಾಳಿಗೆ ಹೋಗುವುದಿಲ್ಲ. ಬರೀ ಮುಗ್ಗು, ಮಣ್ಣಿನ ವಾಸನೆ ಇದ್ದರೆ ಗಾಬರಿ ಬೇಡ, ಒಂದು ಗಂಟೆಯಲ್ಲಿ ಬಿಡಬಹುದು. ಆಮೇಲೆ ಕತ್ತಿನ ಹಿಂದೆ ದೀಪ ಇಟ್ಟು ಒಂದೇ ಧಾರೆಯಲ್ಲಿ ತಿಳಿಯನ್ನು ಬಗ್ಗಿಸಿ. ನಡುವೆ ನಿಲ್ಲಿಸಿ ನೆಟ್ಟಗೆ ಮಾಡಿದರೆ ಗಸಿ ಹಿಂದಕ್ಕೆ ನುಗ್ಗಿ ಎಲ್ಲ ಕದಡುತ್ತದೆ. ಭುಜದ ಹತ್ತಿರ ಹೊಗೆಯಂಥ ಎಳೆ ಕಂಡ ಕೂಡಲೇ ಧಾರೆ ನಿಲ್ಲಿಸಿ.

ಒಂದೇ ವೈನಿನ ಆರು ಬಾಟಲಿ ಇದ್ದರೆ ಒಂದನ್ನು ಪರೀಕ್ಷೆಗೆಂದು ಬೇಗ ತೆರೆಯುವುದು ನಷ್ಟವಲ್ಲ. ಅರ್ಧ ಕುಡಿದು, ಉಳಿದ ಅರ್ಧಕ್ಕೆ ಕಾರ್ಕ್ ಹಾಕಿ ಫ್ರಿಜ್ಜಿನಲ್ಲಿಡಿ. ಮರುದಿನ ಸಂಜೆ ಹೊರತೆಗೆದು, ಚಳಿ ಬಿಟ್ಟ ಮೇಲೆ ರುಚಿ ನೋಡಿ. ಹಣ್ಣು ಮುಂದೆ ಬಂದು ಒಗರು ಸಡಿಲವಾಗಿದ್ದರೆ ಉಳಿದ ಐದು ಇನ್ನೂ ಐದಾರು ವರ್ಷ ಕಾಯಬಲ್ಲವು. ಹಣ್ಣು ಚಪ್ಪೆಯಾಗಿ ಒಗರು ಮಾತ್ರ ಅಲ್ಲೇ ನಿಂತಿದ್ದರೆ ಅದು ಕಾಯಿಯಾಗಿ ಕೊಯ್ದದ್ದು. ಇಡುವುದರಿಂದ ಏನೂ ಸಿಗದು, ಬೀಫನ್ನು ಬರೋಲೊದಲ್ಲಿ ಬೇಯಿಸುವ ಅಲ್ಲಿನ ಬ್ರಾಸಾತೊ ಪಾತ್ರೆಗೆ ಒಂದು ಬಾಟಲಿ ಪೂರ್ತಿ ಹಿಡಿಸುತ್ತದೆ.